ಮಂದಾಕಿನಿಗೆ ಸೀರೆ ಕೊಟ್ಟವಳು

ನಮ್ಮ ಹಳ್ಳಿ ನಾಟಕಗಳಲ್ಲಿ ಹೆಂಗಸರಿರುವುದಿಲ್ಲ, ಹೆಂಗಸರ ಸೀರೆ ಮಾತ್ರ ಇರುತ್ತದೆ. ಇದು ನಿಮಗೆ ಗೊತ್ತು. ಹೆಣ್ಣು ಪಾರ್ಟು ಕಟ್ಟುವವನು ಮೀಸೆ ಬೋಳಿಸಿದ ಗಂಡಸು. ಅವನು ಉಟ್ಟಿರುವುದು ಅದೇ ಊರಿನ ಯಾವಳೋ ಹೆಂಗಸಿನ ಪೆಟ್ಟಿಗೆಯಿಂದ ಒಂದು ರಾತ್ರಿಯ ಮಟ್ಟಿಗೆ ಈಸಿಕೊಂಡು ತಂದ ಸೀರೆ. ಪರದೆ ಬಿದ್ದ ಮೇಲೆ ಸೀರೆ ಅವಳ ಮನೆಗೆ ವಾಪಸು ಹೋಗುತ್ತದೆ. ಅದರ ಜೊತೆಗೆ ಇನ್ನೇನು ಹೋಗುತ್ತದೆ ಅಂತ ಯಾವತ್ತಾದರೂ ಕೇಳಿದ್ದೀರಾ? ಕೇಳಿಲ್ಲ. ಅದಕ್ಕೇ ಹಾರನಹಳ್ಳಿಯ ಸುಂದ್ರಮ್ಮನ ಕತೆಯನ್ನು ಇಲ್ಲಿ ಬರೆಯಬೇಕಾಗಿದೆ.

ಸುಂದ್ರಮ್ಮ ಹೆಗ್ಗಡದೇವನಕೋಟೆ ಕಡೆಯವಳು. ಹಾರನಹಳ್ಳಿಯ ಮಹದೇವಪ್ಪನಿಗೆ ಎರಡನೆಯ ಹೆಂಡತಿಯಾಗಿ ಬಂದಳು. ಮೊದಲನೆಯವಳು ಬಾಣಂತಿಯಾಗಿದ್ದಾಗಲೇ ತೀರಿಕೊಂಡಿದ್ದಳು. ಅವಳು ಬಿಟ್ಟುಹೋದದ್ದು ಗುರುಶಾಂತಮ್ಮ ಎಂಬ ದೊಡ್ಡ ಹೆಸರಿನ, ಇನ್ನೂ ನೆಟ್ಟಗೆ ನಡೆಯಲು ಬಾರದ ಒಂದು ಹೆಣ್ಣು ಕೂಸು. ಎಲ್ಲರೂ ಸಾಂತಿ ಅಂತ ಕರೆಯುತ್ತಿದ್ದರು.

ಹೊಸ ಹೆಣ್ಣು ಹೊಸಿಲು ದಾಟುವ ಹೊತ್ತಿಗೆ ಆ ಕೂಸು ಬಾಗಿಲ ಹಿಂದೆ ಕೂತು ಅಳುತ್ತಿತ್ತು. ಶಾಸ್ತ್ರ ಮುಗಿಯಲಿ ಅಂತ ಸುಂದ್ರಮ್ಮ ಕಾಯಲಿಲ್ಲ. ಬಗ್ಗಿ ಎತ್ತಿಕೊಂಡಳು. ಕೂಸು ಸುಮ್ಮನಾಯಿತು, ಮತ್ತು ಮದುವೆಯ ರೇಷ್ಮೆ ಸೀರೆಯ ಮೇಲೆ ಸಾವಕಾಶವಾಗಿ ಉಚ್ಚೆ ಹೊಯ್ದಿತು. ನೆರೆದಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಲಗ್ನದ ಸೀರೆಗೆ ಮೊದಲನೇ ನೀರು ಮಗಳೇ ಹಾಕಿದಳು ಅಂತ ಒಬ್ಬಳು ಅಂದಳಂತೆ. ಸುಂದ್ರಮ್ಮನೂ ನಕ್ಕಳು.

ಆ ಸೀರೆ ಎಲೆಹಸಿರು ಮೈಯ, ಕೆಂಪು ಅಂಚಿನ ಕೊಳ್ಳೇಗಾಲದ ಸೀರೆ. ಹಬ್ಬದ ದಿನ ಅವಳು ಅದನ್ನುಟ್ಟರೆ ಸಾಂತಿ ಸೆರಗು ಹಿಡಿದುಕೊಂಡೇ ಮನೆಯೆಲ್ಲ ತಿರುಗುತ್ತಿತ್ತು. ಬೆಳಿಗ್ಗೆ ಕರೆದ ಹಾಲಿನಲ್ಲಿ ಮೊದಲ ಲೋಟ ಮಗುವಿನದು. ಅದು ನೊರೆಯಿರುವಾಗಲೇ ಕುಡಿಯಬೇಕು, ಅವ್ವನ ತೊಡೆಯ ಮೇಲೆ ಕೂತೇ ಕುಡಿಯಬೇಕು. ಬೇರೆ ಯಾರು ಕೊಟ್ಟರೂ ಚೆಲ್ಲುತ್ತಿತ್ತು. ಸುಂದ್ರಮ್ಮನಿಗೆ ತನ್ನದೆಂದು ಮಕ್ಕಳಾಗಲಿಲ್ಲ. ಆಗಲಿಲ್ಲವೆಂದು ಅವಳು ಮರುಗಿದ್ದನ್ನು ಕಂಡವರಿಲ್ಲ.

ಐವತ್ತೆರಡನೆಯ ಇಸವಿಯಲ್ಲಿ ಕೃಷ್ಣರಾಜನಗರದಲ್ಲಿ ಒಂದು ನಾಟಕ ಕಂಪನಿ ಡೇರೆ ಹಾಕಿತು. 'ಮನೆಮುರುಕಿ ಮಂದಾಕಿನಿ' ಎಂಬ ನಾಟಕ. ಮನೆಮಂದಿಯೆಲ್ಲ ಕೂತು ನೋಡಬೇಕಾದ ನೀತಿಬೋಧಕ ಸಾಂಸಾರಿಕ ನಾಟಕ ಅಂತ ಹಂಚಿದ ಕಾಗದದಲ್ಲಿ ಅಚ್ಚಾಗಿತ್ತು. ಎರಡನೇ ಹೆಂಡತಿಯಾಗಿ ಬಂದ ಮಂದಾಕಿನಿ, ಸತ್ತ ಸವತಿಯ ಮಗನಿಗೆ ಹಾಲಿನಲ್ಲಿ ವಿಷ ಬೆರೆಸಿ ಕುಡಿಸುತ್ತಾಳೆ. "ಕುಡಿ ಕಂದಾ, ಕುಡಿ. ಇದು ಹಾಲಲ್ಲ, ನಿನ್ನ ತಾಯಿಯ ಪ್ರೀತಿ" ಅನ್ನುತ್ತಾಳೆ. ಮಗು ಅನುಮಾನಿಸಿದರೆ ತಾನೇ ಲೋಟವನ್ನು ತುಟಿಗೆ ತಾಕಿಸಿ, ಕುಡಿದಂತೆ ನಟಿಸಿ, ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಕೊಡುತ್ತಾಳೆ. ಮಗು ಕುಡಿದು ಅಲ್ಲೇ ಬೀಳುತ್ತದೆ.

ಜನ ಹುಣಸೂರಿಂದ, ಪಿರಿಯಾಪಟ್ಟಣದಿಂದ ಗಾಡಿ ಕಟ್ಟಿಕೊಂಡು ಹೋದರು. ಒಂದು ಸಲ ನೋಡಿದವರು ಮತ್ತೆ ಹೋದರು. ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ಹೊಗೆಸೊಪ್ಪು ಒಣಗಿಸುವ ಕಡೆ, ಎಲ್ಲೆಲ್ಲೂ ಅದೇ ಮಾತು. ಕಾಫಿ ಕೊಡುವವನು "ಕುಡಿ ಕಂದಾ, ಕುಡಿ" ಅಂತಲೇ ಕೊಡುತ್ತಿದ್ದ. ನೋಡದೆ ಇದ್ದವರ ಬಾಯಲ್ಲೂ ಆ ಮಾತು ಇತ್ತು. ತಾಯಿ ಸತ್ತ ಮಕ್ಕಳನ್ನು ಸಾಕುತ್ತಿದ್ದ ಹೆಂಗಸರು ನಮ್ಮ ಎಲ್ಲ ಊರುಗಳಲ್ಲೂ ಇದ್ದರು. ಒಬ್ಬೊಬ್ಬಳಿಗೂ ಒಂದೊಂದು ಹೆಸರಿತ್ತು. ಆ ವರ್ಷದಿಂದ ಎಲ್ಲರಿಗೂ ಸೇರಿ ಒಂದೇ ಹೆಸರಾಯಿತು. ನಾನು ಕಂಡಕಂಡವರನ್ನೆಲ್ಲ ಕೇಳಿದ್ದೇನೆ: ಮಲಮಗುವಿಗೆ ವಿಷ ಹಾಕಿದ ಒಬ್ಬಳನ್ನಾದರೂ ನಿಮ್ಮೂರಲ್ಲಿ ಕಂಡಿದ್ದೀರಾ? ಯಾರೂ ಕಂಡಿಲ್ಲ. ಆದರೆ ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತು. ಹೇಗೆ ಗೊತ್ತು? ನೋಡಿದ್ದಾರಲ್ಲ, ಡೇರೆಯೊಳಗೆ, ಕಣ್ಣಾರೆ.

ಕಂಪನಿ ಡೇರೆ ಕಿತ್ತು ಹೋಯಿತು. ನಾಟಕ ಹೋಗಲಿಲ್ಲ. ನೀಲಕಂಠಸ್ವಾಮಿ ಎಂಬ ನಾಟಕದ ಮೇಷ್ಟ್ರು ಅದನ್ನು ಮಾತು ಬಿಡದೆ ಬರೆದುಕೊಂಡು, ಹಾರ್ಮೋನಿಯಂ ಪೆಟ್ಟಿಗೆ ಹೊತ್ತುಕೊಂಡು ಊರೂರಿಗೆ ಕಲಿಸಲು ಹೊರಟ. ಮರುವರ್ಷ ಸುಗ್ಗಿ ಮುಗಿದ ಮೇಲೆ ಹಾರನಹಳ್ಳಿಗೂ ಬಂದ. ಚಾವಡಿಯಲ್ಲಿ ತಾಲೀಮು ಶುರುವಾಯಿತು. ಮಂದಾಕಿನಿ ಪಾರ್ಟು ಷಣ್ಮುಖಪ್ಪನಿಗೆ ಬಂತು. ಆಳು ತೆಳ್ಳಗೆ, ಕಂಠ ಚೆನ್ನಾಗಿತ್ತು. ಕಂಪನಿಯ ಮಂದಾಕಿನಿ ಹಸಿರು ಸೀರೆ, ಕೆಂಪು ಅಂಚಿನದು ಉಟ್ಟಿದ್ದಳು, ಅದೇ ಆಗಬೇಕು ಅಂತ ಮೇಷ್ಟ್ರು ಹಟ ಹಿಡಿದ. ಅಂಥ ಸೀರೆ ಊರಲ್ಲಿ ಸುಂದ್ರಮ್ಮನ ಹತ್ತಿರ ಮಾತ್ರ ಇತ್ತು.

ನಾಟಕಕ್ಕೆ ಸೀರೆ ಕೇಳಿಕೊಂಡು ಮನೆಗೆ ಬರುವುದೆಂದರೆ ನಮ್ಮ ಕಡೆ ಅದು ಮರ್ಯಾದೆ. ಗೌಡರ ಮನೆಯ, ಶಾನುಭೋಗರ ಮನೆಯ ಸೀರೆಗಳನ್ನು ಕೇಳುತ್ತಾರೆ. ಹೊರಗಿನಿಂದ ಬಂದವಳು, ಎರಡನೆಯವಳು ಅಂತ ಆರತಿಯ ತಟ್ಟೆ ಕೂಡ ಕೈಗೆ ಕೊಡದಿದ್ದ ಊರು ಈಗ ತನ್ನ ಜಗಲಿಗೆ ಬಂದು ನಿಂತಿದೆ ಅಂತ ಸುಂದ್ರಮ್ಮನಿಗೆ ಅನ್ನಿಸಿರಬೇಕು. ಯಾವ ಪಾರ್ಟಿಗೆ ಅಂತ ಅವಳು ಕೇಳಲಿಲ್ಲ. ಪೆಟ್ಟಿಗೆಯಿಂದ ತೆಗೆದು, ಮಡಿಕೆ ನೀವಿ, ಎರಡು ಕೈಯಲ್ಲಿ ಕೊಟ್ಟಳು. ಅವಳ ಇಡೀ ಬದುಕಿನಲ್ಲಿ ನಡೆದ ತಪ್ಪು ಇದೊಂದೇ.

ನಾಟಕದ ದಿನ ಮಕ್ಕಳೆಲ್ಲ ಮುಂದಿನ ಚಾಪೆಯಲ್ಲಿ ಕೂತಿದ್ದರು. ಸಾಂತಿಗೆ ಆಗ ಐದೋ ಆರೋ. ಗ್ಯಾಸ್ ಲೈಟಿನ ಬೆಳಕಿಗೆ ಮಂದಾಕಿನಿ ಬಂದು ನಿಂತಾಗ ಮಗು ಪಕ್ಕದ ಮಕ್ಕಳಿಗೆ ತೋರಿಸಿ, ನಮ್ಮವ್ವನ ಸೀರೆ ಅಂತ ಜಂಬದಿಂದ ಹೇಳಿತಂತೆ. ಅಷ್ಟರಲ್ಲಿ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ಎದ್ದು, ವಾಡಿಕೆಯಂತೆ ಘೋಷಣೆ ಮಾಡಿದ. ಮಂದಾಕಿನಿಯ ಪಾತ್ರಕ್ಕೆ ಸೀರೆ ದಯಪಾಲಿಸಿದ ಮಹದೇವಪ್ಪನವರ ಧರ್ಮಪತ್ನಿ ಸುಂದ್ರಮ್ಮನವರಿಗೆ ಮಂಡಲಿಯ ವಂದನೆಗಳು.

ಕತ್ತಲಿನಿಂದ ಯಾವನೋ ಕೂಗಿದ, "ಸೀರೆ ಮಾತ್ರ ಕೊಟ್ರೋ, ಪಾಲ್ಟನ್ನೂ ಯೋಳ್‌ಕೊಟ್ರೋ, ಮೇಷ್ಟ್ರೆ?"

ಇಡೀ ಊರು ನಕ್ಕಿತು. ಆ ನಗು ಇವತ್ತಿಗೂ ನಿಂತಿಲ್ಲ.

ಆಮೇಲೆ ಹಾಲಿನ ಸೀನು. ಷಣ್ಮುಖಪ್ಪ ಚೆನ್ನಾಗಿ ಮಾಡಿದ, ಅದನ್ನು ಅಲ್ಲಗಳೆಯುವಂತಿಲ್ಲ. ಕುಡಿ ಕಂದಾ ಅಂದಾಗ ಹೆಂಗಸರು ಶಾಪ ಹಾಕಿದರು, ಯಾರೋ ಚಪ್ಪಲಿ ಬೀಸಿ ಒಗೆದರು. ಹೆಣ್ಣು ಪಾರ್ಟಿನವನಿಗೆ ಚಪ್ಪಲಿ ಬಿದ್ದರೆ ಪದಕ ಬಿದ್ದ ಹಾಗೆ. ಆದರೆ ಮುಂದಿನ ಚಾಪೆಯಲ್ಲಿ ಕೂತ ಒಂದು ಮಗುವಿಗೆ ಷಣ್ಮುಖಪ್ಪ ಕಾಣಲಿಲ್ಲ. ಅದಕ್ಕೆ ಕಂಡದ್ದು ಸೀರೆ. ಹಬ್ಬದ ದಿನ ತಾನು ಹಿಡಿದುಕೊಂಡು ತಿರುಗುವ ಸೆರಗು. ಆ ಸೆರಗಿನ ಕೆಳಗಿಂದ ಬಂದ ಹಾಲಿನ ಲೋಟ. ಕುಡಿದು ಬಿದ್ದ ಮಗು.

ಬೆಳಿಗ್ಗೆ ಸುಂದ್ರಮ್ಮ ಎಂದಿನಂತೆ ಲೋಟ ತಂದಳು. ಸಾಂತಿ ಬೇಡವೆಂದಿತು. ನಿದ್ದೆಗೆಟ್ಟಿದೆ ಅಂದುಕೊಂಡಳು. ಸಂಜೆಯೂ ಬೇಡವೆಂದಿತು. ಮರುದಿನ ತೊಡೆಗೆ ಕೂರಿಸಿಕೊಂಡು ಲೋಟವನ್ನು ತುಟಿಯ ಹತ್ತಿರ ತಂದಾಗ ಮಗು ಅಳಲಿಲ್ಲ, ಹಟ ಮಾಡಲಿಲ್ಲ. ಮೆಲ್ಲಗೆ ಕೇಳಿತು.

"ಅವ್ವ, ಕುಡುದ್ರೆ ನಾನೂ ಸತ್ತೋಯ್ತೀನಾ?"

ಸುಂದ್ರಮ್ಮ ಮಾಡಿದ್ದನ್ನು ನೀವೂ ಮಾಡುತ್ತಿದ್ದಿರಿ, ಯಾವ ತಾಯಿಯಾದರೂ ಮಾಡುತ್ತಿದ್ದಳು. ನಕ್ಕಳು. ನೋಡು, ಏನೂ ಆಗಲ್ಲ ಅಂತ ತಾನೇ ಒಂದು ಗುಟುಕು ಕುಡಿದು ತೋರಿಸಿದಳು. ಮಗು ಕಿಟ್ಟನೆ ಕಿರುಚಿ ತೊಡೆಯಿಂದ ಜಾರಿ ಓಡಿತು. ಮಂದಾಕಿನಿಯೂ ಹೀಗೇ ತುಟಿಗೆ ತಾಕಿಸಿದ್ದಳಲ್ಲ. ಸುಂದ್ರಮ್ಮನಿಗೆ ಕಣ್ಣೀರು ಬಂತು. ಮಂದಾಕಿನಿಗೂ ಬಂದಿತ್ತು. ಇದನ್ನು ಸರಿಯಾಗಿ ತಿಳಿದುಕೊಳ್ಳಿ: ನಿರಪರಾಧಿಯಾದವಳು ಏನೇನು ಮಾಡಿ ತೋರಿಸಬಹುದೋ ಅದನ್ನೆಲ್ಲ ಆ ನಾಟಕ ಮೊದಲೇ ಅಪರಾಧಿಯ ಕೈಯಲ್ಲಿ ಮಾಡಿಸಿ ಮುಗಿಸಿಬಿಟ್ಟಿತ್ತು. ಅವಳಿಗೆ ಅಂತ ಒಂದು ಕೈಸನ್ನೆಯನ್ನೂ ಉಳಿಸಿರಲಿಲ್ಲ.

ಮಗು ಹಾಲು ಬಿಟ್ಟಿತು. ಮೊಸರು ಬಿಟ್ಟಿತು. ಅವಳು ಮುದ್ದೆ ಮುರಿದು ಬಾಯಿಗಿಟ್ಟರೆ ಉಗಿಯಿತು. ಪಕ್ಕದ ಮನೆಯ ಪುಟ್ಟತಾಯಮ್ಮ ಕೊಟ್ಟರೆ ತಿನ್ನುತ್ತಿತ್ತು. ಊರಿಗೆ ಇಷ್ಟು ಸಾಕಾಯಿತು. ಅರಿಯದ ಮಗು ಸುಳ್ಳಾಡುತ್ತದೆಯೇ ಅಂದರು. ಏನೋ ರುಚಿ ಕಂಡಿರಬೇಕು, ಇಲ್ಲದಿದ್ದರೆ ಇದ್ದಕ್ಕಿದ್ದ ಹಾಗೆ ಯಾಕೆ ಬಿಡುತ್ತೆ ಅಂದರು. ಯಾಕೆ ಅಂತ ಆ ರಾತ್ರಿ ಅಲ್ಲಿ ಕೂತಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಗೊತ್ತಿದ್ದೂ ಅಂದರು.

ಮಹದೇವಪ್ಪ ಒಳ್ಳೆಯವನು, ಆದರೆ ಮಾತಿಲ್ಲದವನು. ಜನ ಆಡಿಕೊಂಡು ತಾವೇ ಸುಮ್ಮನಾಗುತ್ತಾರೆ ಬುಡು ಅಂದ. ಸುಂದ್ರಮ್ಮ ಬಿಡಲಿಲ್ಲ. ನೇರ ಷಣ್ಮುಖಪ್ಪನ ಮನೆಗೆ ಹೋಗಿ ಹೊಸಿಲ ಹೊರಗೆ ನಿಂತಳು.

"ಸಣ್ಮುಕಪ್ಪಾರೆ, ನಿಮ್ಗೆ ಕೈ ಮುಗೀತೀನಿ. ನಮ್ಮನೆಗೆ ಬಂದು ಆ ಸೀರೆ ಒಂದ್ಸಾರಿ ಮೈ ಮ್ಯಾಲಾಕ್ಕೊಳಿ. ಅದು ನಾನಲ್ಲ, ನೀವು ಅಂತ ಮಗ ನೋಡ್ಲಿ. ಇನ್ನೇನೂ ಬ್ಯಾಡ."

"ಅಯ್ಯೋ, ಅಷ್ಟಕ್ಕೆ ಕೈ ಮುಗೀತಾರಾ ಅಕ್ಕಯ್ಯ. ನಡೀರಿ ಬತ್ತೀನಿ" ಅಂದ ಷಣ್ಮುಖಪ್ಪ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ.

ಹಾಡುಹಗಲು. ಮಹದೇವಪ್ಪನ ಮನೆಯ ಜಗಲಿ. ಸಾಂತಿ ಪುಟ್ಟತಾಯಮ್ಮನ ಕಂಕುಳಲ್ಲಿ ಕೂತು ನೋಡುತ್ತಿತ್ತು. ಷಣ್ಮುಖಪ್ಪ ಪಂಚೆಯ ಮೇಲೆಯೇ ಸೀರೆ ಸುತ್ತಿಕೊಂಡ, ಸೆರಗು ಹೊದ್ದ, ಮೊಳೆತಿದ್ದ ಮೀಸೆಯನ್ನು ಬೆರಳಲ್ಲಿ ಮುಟ್ಟಿ ತೋರಿಸಿದ.

"ನೋಡು ಮಗ, ನಾನೇ ಕಣವ್ವ. ಸಣ್ಮುಕಮಾವ. ಅವತ್ತೂ ನಾನೇ."

ಮಗು ನೋಡಿತು. ಮೀಸೆ ನೋಡಿತು, ಸೀರೆ ನೋಡಿತು. ನಗಲೋ ಬೇಡವೋ ಅನ್ನುವ ಹಾಗೆ ಬಾಯಿ ಅರೆ ತೆರೆಯಿತು ಅಂತ ಪುಟ್ಟತಾಯಮ್ಮ ಇವತ್ತಿಗೂ ಹೇಳುತ್ತಾಳೆ. ಸುಂದ್ರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಇನ್ನೊಂದು ಗಳಿಗೆ ಸಿಕ್ಕಿದ್ದರೆ ಸಾಕಿತ್ತು.

ಸಿಗಲಿಲ್ಲ. ಷಣ್ಮುಖಪ್ಪ ಹಗಲಲ್ಲಿ ಸೀರೆ ಉಟ್ಟಿದ್ದಾನೆ ಅಂತ ಬೀದಿಗೆ ಸುದ್ದಿ ಹೋಗಿ ಜನ ಸೇರಿಬಿಟ್ಟಿದ್ದರು. ಗಾಡಿ ಹೊಡೆಯುವ ಚಿಕ್ಕಬೀರಯ್ಯ ಹಿಂದಿನಿಂದ, "ಮಂದಾಕಿನಿ, ಒಂದ್ ಮಾತಾಡವ್ವ, ಬಿಸ್ಲಲ್ಲಿ ನಿಂತಿವ್ನಿ" ಅಂದ. ಇನ್ನೊಬ್ಬ ಸಿಳ್ಳೆ ಹಾಕಿದ. ಷಣ್ಮುಖಪ್ಪನ ಕತ್ತು ತಾನಾಗಿ ಆ ಕಡೆ ತಿರುಗಿತು. ಜನ ಸೇರಿದ್ದಾರೆ, ಸೀರೆ ಮೈಮೇಲಿದೆ, ಆ ಮಾತು ತುದಿನಾಲಿಗೆಯಲ್ಲಿದೆ. ಪಾರ್ಟು ಮಾಡಿದವನಿಗೆ ಇದನ್ನು ತಡೆಯುವುದು ಕಷ್ಟ ಅಂತ ಅವನ ಪರವಾಗಿ ಹೇಳುವವರಿದ್ದಾರೆ. ಹೇಳಲಿ. ಅವನು ಸೊಂಟದ ಮೇಲೆ ಕೈಯಿಟ್ಟು, ಬಾಗಿ, ಆ ಮಗುವಿನ ಮುಖಕ್ಕೇ ಕೈಚಾಚಿ ಅಂದೇಬಿಟ್ಟ, "ಕುಡಿ ಕಂದಾ, ಕುಡಿ."

ಬೀದಿ ಚಪ್ಪಾಳೆ ತಟ್ಟಿತು. ಮಗುವಿಗೆ ಅವತ್ತು ಸಂಜೆ ಬಂದ ಜ್ವರ ವಾರ ಕಳೆದರೂ ಬಿಡಲಿಲ್ಲ.

ಸುಂದ್ರಮ್ಮ ಅದಾದ ಮೇಲೂ ಒಂದು ಕೆಲಸ ಮಾಡಿದಳು. ಕಂಪಲಾಪುರದಲ್ಲಿ ಅದೇ ನಾಟಕ ಕಲಿಸುತ್ತಿದ್ದ ಮೇಷ್ಟ್ರಿಗೆ ಗಂಡನ ಕೈಲಿ ಹೇಳಿ ಕಳಿಸಿದಳು, ಹಾಲಿನ ಸೀನೊಂದನ್ನು ಬಿಡಿ ಅಂತ. ಅದು ಕಂಪನಿ ನಾಟಕ, ಒಂದಕ್ಷರ ಬದಲಾಯಿಸುವ ಹಾಗಿಲ್ಲ ಅಂತ ನೀಲಕಂಠಸ್ವಾಮಿ ಗಂಭೀರವಾಗಿ ಉತ್ತರಿಸಿದ. ಇದೇ ಮನುಷ್ಯ ಹಾಸ್ಯದ ಸೀನುಗಳಲ್ಲಿ ಊರೂರಿನ ಪಟೇಲರ ಹೆಸರು ಸೇರಿಸಿ ಹೊಗಳಿ ಹಾಡು ಕಟ್ಟುತ್ತಿದ್ದ. ಪಟೇಲರಿಗಾಗಿ ಬಗ್ಗುವ ನಾಟಕ ಒಬ್ಬ ಹೆಂಗಸಿಗಾಗಿ ಬಗ್ಗುವುದಿಲ್ಲ.

ಆ ಕಂಪಲಾಪುರದಲ್ಲೇ ಸಾಂತಿಯ ಅಜ್ಜಿ ಇದ್ದಳು, ಸತ್ತ ಮೊದಲ ಹೆಂಡತಿಯ ತಾಯಿ ಪುಟ್ಟಮಲ್ಲಮ್ಮ. ಸುಂದ್ರಮ್ಮ ಅವಳನ್ನು ಅವ್ವ ಅಂತಲೇ ಕರೆಯುತ್ತಿದ್ದಳು. ಹಬ್ಬಕ್ಕೆ ಬಂದರೆ ಮುದುಕಿ ಇವಳ ತಲೆ ಬಾಚುತ್ತಿದ್ದಳು. ಹೋದ ಮಗಳೇ ಬಂದ ಹಾಗಿದೆ ಅಂತ ನಾಲ್ಕು ಜನರ ಮುಂದೆ ಹೇಳುತ್ತಿದ್ದಳು. ಕಂಪಲಾಪುರದಲ್ಲೂ ನಾಟಕವಾಯಿತು. ಪುಟ್ಟಮಲ್ಲಮ್ಮ ಕೂತು ನೋಡಿದಳು. ಮರುದಿನ ಗಾಡಿ ಕಟ್ಟಿಸಿಕೊಂಡು ಹಾರನಹಳ್ಳಿಗೆ ಬಂದಳು.

ಮಗು ಜ್ವರದಲ್ಲಿ ಬಡಕಲಾಗಿತ್ತು. ಮುದುಕಿ ಗಂಜಿ ಕುಡಿಸಿದಳು, ಕುಡಿಯಿತು. ಅದೇ ಗಂಜಿಯನ್ನು ಸುಂದ್ರಮ್ಮ ಹಿಡಿದಾಗ ಗೋಡೆಗೆ ತಿರುಗಿತು. ಪುಟ್ಟಮಲ್ಲಮ್ಮ ಗಂಜಿಯ ಬಟ್ಟಲನ್ನು ಈಸಿಕೊಂಡು ಕೆಳಗಿಟ್ಟಳು. ಆಮೇಲೆ ಸುಂದ್ರಮ್ಮನ ಕೈ ಹಿಡಿದುಕೊಂಡು ಹೇಳಿದಳು.

"ನಿನ್ ಮ್ಯಾಲೆ ನಂಗೆ ಅನುಮಾನ ಇಲ್ಲ ಕಣವ್ವ. ಬಸವಣ್ಣನಾಣೆಗೂ ಇಲ್ಲ. ಆದ್ರೆ ನಿನ್ ಕೈಲಿ ಉಣ್ಣದ ಮಗಾನ ಮಡಿಕ್ಕಂಡು ಏನ್ ಮಾಡೀಯೆ ನೀನು?"

ಮಗುವಿನ ಬಟ್ಟೆಗಳನ್ನು ಸುಂದ್ರಮ್ಮನೇ ಗಂಟು ಕಟ್ಟಿದಳು. ಗಾಡಿಗೆ ಕೂರಿಸುವಾಗ ಎತ್ತಿಕೊಳ್ಳಲು ಹೋದಳು, ಮಗು ಅಜ್ಜಿಯ ಕೊರಳು ಬಿಗಿಯಾಗಿ ಹಿಡಿದುಕೊಂಡಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಬೀದಿಯ ಕೊನೆಯಲ್ಲಿ ಯಾರೋ, ಬದುಕಿಕೊಂಡಿತು ಮಗು ಅಂದರಂತೆ.

ಉಳಿದದ್ದು ಗಂಡ. ಮಹದೇವಪ್ಪ ಅವಳ ಮೇಲೆ ಒಂದು ದಿನವೂ ಕೈಯೆತ್ತಲಿಲ್ಲ, ಒಂದು ಮಾತೂ ಆಡಲಿಲ್ಲ. ಆದರೆ ಒಂದು ಮಧ್ಯಾಹ್ನ ಹೊಲದಿಂದ ಬಂದವನು, ಅವಳು ಕೊಟ್ಟ ಮಜ್ಜಿಗೆ ಚೊಂಬನ್ನು ಬಾಯಿಗೆತ್ತುವ ಮೊದಲು ಮೂಸಿದ. ತಾನು ಮೂಸಿದ್ದು ಅವನಿಗೇ ತಿಳಿಯಲಿಲ್ಲವೇನೋ. ಅವಳಿಗೆ ತಿಳಿಯಿತು. ಅವತ್ತಿನಿಂದ ಅವಳು ಅವನಿಗೆ ಬಡಿಸುವುದನ್ನು ಬಿಟ್ಟಳು. ಗಡಿಗೆಗಳನ್ನು ಮುಂದಿಟ್ಟು ಒಳಗೆ ಹೋಗುತ್ತಾಳೆ. ಅವನೇ ಹಾಕಿಕೊಂಡು ಉಣ್ಣುತ್ತಾನೆ. ಅದೂ ಒಂದು ಸಂಸಾರ.

ಕೇರಿಯವರು ಮಜ್ಜಿಗೆಗೆ ಬರುವುದು ನಿಂತಿತು. ಅವಳು ಎದುರಿಗೆ ಬಂದರೆ ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ. ಹೆದರಿಕೆಯಿಂದಲ್ಲ. ತಮಾಷೆಗೆ. ತಮಾಷೆ ಮಾಡುತ್ತ ಮಾಡುತ್ತ ಈಗ ಯಾರಿಗೂ ಅದು ತಮಾಷೆಯೋ ಅಲ್ಲವೋ ನೆನಪಿಲ್ಲ. ಮರುವರ್ಷ ಪಕ್ಕದ ಊರಿನ ನಾಟಕ ಮಂಡಲಿಯವರು ಬಂದರು. ಅವರು ಸುಂದ್ರಮ್ಮನ ಸೀರೆ ಅನ್ನಲಿಲ್ಲ, ಮಂದಾಕಿನಿ ಸೀರೆ ಇಲ್ಲಿದೆಯಂತೆ ಅಂದರು. ಅಂಚಿನಲ್ಲಿ ಷಣ್ಮುಖಪ್ಪನ ಮುಖದ ಬಣ್ಣ ಇನ್ನೂ ಅಂಟಿಕೊಂಡಿತ್ತು. ಅವಳು ತಂದು ಕೊಟ್ಟಳು.

"ತಕ್ಕಂಡೋಗ್ರಪ್ಪ. ವಾಪಸ್ ತರಬ್ಯಾಡಿ."

ಅದು ಈಗ ಮೇಷ್ಟ್ರ ಟ್ರಂಕಿನಲ್ಲಿ ಊರೂರು ತಿರುಗುತ್ತಿದೆ. ನಿಮ್ಮೂರಿಗೂ ಬಂದಿರಬಹುದು.

ಮೊದಮೊದಲು ಸುಂದ್ರಮ್ಮ ಕಂಪಲಾಪುರಕ್ಕೆ ಹೋಗಿ ಬರುತ್ತಿದ್ದಳು. ಅಲ್ಲಿನ ಮಕ್ಕಳು ಮಂದಾಕಿನಿ ಬಂದಳು ಅಂತ ಮುಂದೆ ಮುಂದೆ ಓಡಿ ಸುದ್ದಿ ಮುಟ್ಟಿಸುತ್ತಿದ್ದರು. ಅವಳು ಮನೆ ಸೇರುವಷ್ಟರಲ್ಲಿ ಸಾಂತಿ ಹಿತ್ತಿಲಿಗೆ ಹೋಗಿರುತ್ತಿತ್ತು. ಅಜ್ಜಿಗೆ ನಾಚಿಕೆ, ಇವಳಿಗೆ ಸಂಕಟ. ಕಡೆಗೆ ಹೋಗುವುದನ್ನೇ ಬಿಟ್ಟಳು.

ಇದೆಲ್ಲ ನಡೆದು ಏಳು ವರ್ಷವಾಗುತ್ತ ಬಂತು. ಬೆಳೆದ ಮೇಲೆ ಮಗುವಿಗೆ ಬುದ್ಧಿ ತಿಳಿಯುತ್ತದೆ, ಓಡಿ ಬರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಕಳೆದ ತಿಂಗಳು ಕಂಪಲಾಪುರಕ್ಕೆ ಹೋಗಿದ್ದಾಗ ಗುರುಶಾಂತಮ್ಮನನ್ನು ಕಂಡೆ. ಚುರುಕು ಹುಡುಗಿ, ಶಾಲೆಗೆ ಹೋಗುತ್ತಾಳೆ, ನಾಟಕದಲ್ಲಿ ಗಂಡಸರೇ ಹೆಣ್ಣು ಪಾರ್ಟು ಮಾಡುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತು. ಷಣ್ಮುಖಪ್ಪನ ವಿಷಯ ನಾನೇ ತೆಗೆದೆ. ಅವಳು ದೊಡ್ಡವರ ಹಾಗೆ ನಕ್ಕಳು.

"ಅದು ನಾಟಕ ಬುಡಿ, ನಂಗೊತ್ತಿಲ್ವಾ? ನಾನ್ ಯೋಳ್ತಿರೋದು ಮನೇಲಿ ಕೊಟ್ಟಿದ್ದು. ಆ ಹಾಲು ಕಯ್ಯಾಗಿತ್ತು ಕಣ್ರೀ. ಇವತ್ಗೂ ನಾಲ್ಗೇಲದೆ."

ಪುಟ್ಟಮಲ್ಲಮ್ಮ ಪಕ್ಕದಲ್ಲೇ ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ, ಅಲ್ಲವೆನ್ನಲೂ ಇಲ್ಲ.

ಅವಳು ಸುಳ್ಳು ಹೇಳುತ್ತಿಲ್ಲ. ಆ ಕಹಿ ಅವಳಿಗೆ ನಿಜವಾಗಿಯೂ ನೆನಪಿದೆ. ನೀವು ನಕ್ಕು, ಕೂಗಿ, ಸಿಳ್ಳೆ ಹಾಕಿ, ಏಳು ವರ್ಷ ಅವಳ ನಾಲಿಗೆಗೆ ಅದನ್ನು ಸವರಿದ್ದೀರಿ. ನಾಳೆ ಅವಳಿಗೆ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ. ಆ ಮಕ್ಕಳಿಗೆ ಅವಳು ಇದನ್ನೇ ಹೇಳುತ್ತಾಳೆ. ಅವರಿಗೆ ಮಂದಾಕಿನಿ ಯಾರು ಅಂತ ನಾಟಕ ನೋಡಿ ತಿಳಿಯಬೇಕಾಗಿಲ್ಲ. ಕಂಪನಿ ಮುಚ್ಚಿದರೂ, ಮೇಷ್ಟ್ರು ಸತ್ತರೂ, ಸೀರೆ ಹರಿದು ಚಿಂದಿಯಾದರೂ ಆ ಸೀನು ನಡೆಯುತ್ತಲೇ ಇರುತ್ತದೆ.

ನಾನು ಅಲ್ಲಿಂದ ಹಾರನಹಳ್ಳಿಗೆ ಹೋದೆ. ಸುಂದ್ರಮ್ಮ ಹಾಲು ಕರೆದು ಮುಗಿಸಿದ್ದಳು. ಮಗಳು ಹೇಗಿದ್ದಾಳೆ ಅಂತ ಕೇಳಿದಳು. ಉದ್ದ ಬೆಳೆದಿದ್ದಾಳೆ ಅಂದೆ. ಮುಖದಲ್ಲಿ ಏನೋ ಬಂದು ಹೋಯಿತು. ಕರೆದ ಹಾಲಿನಲ್ಲಿ ಮೊದಲ ಲೋಟವನ್ನು ಅವಳು ಈಗಲೂ ಬೇರೆ ಎತ್ತಿಡುತ್ತಾಳೆ. ನೊರೆ ಇಳಿಯುವವರೆಗೆ ಅದು ಹಾಗೇ ಇರುತ್ತದೆ, ಆಮೇಲೆ ಕರುವಿನ ಮುಂದೆ ಸುರಿಯುತ್ತಾಳೆ. ಅವತ್ತು ಅದನ್ನು ನನಗೆ ಕೊಡಲೋ ಬೇಡವೋ ಅಂತ ಅವಳ ಕೈ ಅನುಮಾನಿಸಿತು. ಕುಡಿಯಿರಿ ಅನ್ನುವ ಮಾತನ್ನೇ ಅವಳು ಬಿಟ್ಟು ವರ್ಷಗಳಾಗಿವೆ. ಲೋಟವನ್ನು ಜಗಲಿಯ ಮೇಲೆ, ನನ್ನಿಂದ ಸ್ವಲ್ಪ ದೂರದಲ್ಲಿಟ್ಟು ಬಾಗಿಲ ಮರೆಗೆ ಹೋದಳು.

ಬೀದಿಯಲ್ಲಿ ಇಬ್ಬರು ನಿಂತು ನೋಡುತ್ತಿದ್ದರು, ನಾನು ಕುಡಿಯುತ್ತೇನೋ ಇಲ್ಲವೋ ಅಂತ.

ಈ ಸುಗ್ಗಿಯಲ್ಲೂ ನೀವು ನಾಟಕ ಆಡುತ್ತೀರಿ. ಆಡಬೇಡಿ ಅಂದರೆ ಕೇಳುವವರಲ್ಲ ನೀವು. ನಾನು ಅದನ್ನು ಕೇಳುತ್ತಿಲ್ಲ. ಪಿರಿಯಾಪಟ್ಟಣದ ದಾರಿಯಲ್ಲಿ ಹೋಗುವಾಗ ಹಾರನಹಳ್ಳಿಯಲ್ಲಿ ಇಳಿಯಿರಿ. ಮಹದೇವಪ್ಪನ ಮನೆ ಯಾವುದು ಅಂತ ಗಟ್ಟಿಯಾಗಿ, ನಾಲ್ಕು ಜನಕ್ಕೆ ಕೇಳುವ ಹಾಗೆ ವಿಚಾರಿಸಿ. ನಿಮ್ಮ ಮಕ್ಕಳ ಕೈ ಹಿಡಿದುಕೊಂಡು, ಬೀದಿ ನೋಡುತ್ತಿರುವಾಗಲೇ ಆ ಜಗಲಿ ಹತ್ತಿ. ಸುಂದ್ರಮ್ಮ ಅಂತ ಹೆಸರು ಹಿಡಿದು ಕರೆದು, ಒಂದು ಲೋಟ ಹಾಲು ಕೇಳಿ. ಮೂಸದೆ ಕುಡಿಯಿರಿ. ಮೊದಲು ನಿಮ್ಮ ಮಗುವಿಗೆ ಕುಡಿಸಿ.